ನಿಂಗಮ್ಮಜ್ಜಿಯ ಕಟ್ಟು

ಯಾರು ಎಷ್ಟು ದಿನ ಬದುಕುತ್ತಾರೆಂಬ ವಿಚಾರ ಡಾಕ್ಟರಿಗೆ, ಜ್ಯೋತಿಷಿಗೆ ಬಿಟ್ಟದ್ದು ಎಂದು ನೀವು ತಿಳಿದಿರಬಹುದು. ಫೋಟೋಗೆ ಕಟ್ಟು ಹಾಕುವ ನನ್ನಂಥವನಿಗೂ ಅದು ಬೇಡವೆಂದರೂ ತಿಳಿಯುತ್ತದೆ. ಶ್ರೀರಂಗಪಟ್ಟಣದ ನಮ್ಮ ಅಂಗಡಿ ಅಪ್ಪನ ಕಾಲದ್ದು. ಆಗ ಹಾರ ಹಾಕಿಸಿಕೊಳ್ಳಲು ಬರುತ್ತಿದ್ದ ಮುಖಗಳಲ್ಲಿ ಕಪ್ಪು ಮೀಸೆಯವೇ ಹೆಚ್ಚು. ಈಗ ಬರುವ ಮುಖಗಳಿಗೆ ಬಾಯಲ್ಲಿ ಹಲ್ಲೇ ಇರುವುದಿಲ್ಲ. ಆದರೆ ನಾಗಮಂಗಲದಿಂದ ಬರಲಿ, ಪಾಂಡವಪುರದಿಂದ ಬರಲಿ, ಒಂದು ಮಾತ್ರ ಬದಲಾಗಿಲ್ಲ. ಮೊದಲು ಬರುವುದು ಗಂಡನ ಫೋಟೋ, ಎಷ್ಟೋ ವರ್ಷದ ಮೇಲೆ ಹೆಂಡತಿಯದು. ಆಗ ಮಕ್ಕಳು, "ಅಪ್ಪಂದು ಇದ್ದಂಗೇ ಅವ್ವಂಗೂ ಮಾಡ್ಕೊಡಿ" ಅನ್ನುತ್ತಾರೆ. ಅಷ್ಟರಲ್ಲಿ ಕಟ್ಟಿಗೆ ಬೇಕಾದ ಆ ನಮೂನೆಯ ಮರದ ಪಟ್ಟಿ ಬರುವುದೇ ನಿಂತುಹೋಗಿರುತ್ತದೆ. ಹೆಂಗಸರು ಇಷ್ಟು ಗಟ್ಟಿಯಾಗಿದ್ದರೆ ನಾನು ಕಸುಬು ಮಾಡುವುದು ಹೇಗೆ, ನೀವೇ ಹೇಳಿ.

ಈ ತಾಪತ್ರಯವೇ ಬೇಡವೆಂದು ಸಿಂಧಘಟ್ಟದ ನಿಂಗಮ್ಮಜ್ಜಿ ಗಂಡ ತೀರಿಕೊಂಡಾಗ ಜೋಡಿ ಕಟ್ಟು ಮಾಡಿಸಿದ್ದಳು. ಗಂಡನದನ್ನು ಒಯ್ದಳು. ಬದುಕಿರುವಾಗಲೇ ಹಾರದ ಕಟ್ಟು ಮನೆಗೆ ಹೋಗಬಾರದೆಂದು ತನ್ನದನ್ನು, ಗಾಜು ಹಾಕಿಸದೆ, ಅಪ್ಪನ ಹತ್ತಿರವೇ ಬಿಟ್ಟಳು. ಅರವತ್ತು ತುಂಬುವ ಮೊದಲೇ ಅಪ್ಪ ಗೋಡೆ ಸೇರಿದ, ಅಜ್ಜಿಯ ಕಟ್ಟು ನನ್ನ ಪಾಲಿಗೆ ಬಂತು. ಅವಳು ಆಗಾಗ ಕೆ.ಆರ್. ಪೇಟೆ ಬಸ್ಸಿನಲ್ಲಿ ಬಂದು, "ಈ ಫೋಟೋದಾಗೆ ಬಾಳ ಎಳೇವ್ಳಂಗೆ ಕಾಣ್ತೀನಿ, ನೋಡ್ದೋರು ನಗಾಡ್ತಾರೆ" ಎಂದು ಹೊಸ ಫೋಟೋ ಕೊಟ್ಟುಹೋಗುತ್ತಾಳೆ.

ಹೋದ ತಿಂಗಳು ಬಂದವಳು ಫೋಟೋ ಕೊಡಲಿಲ್ಲ. ಬೋಂಡ ತಿನ್ನುತ್ತಿದ್ದ ನನ್ನ ಹೊಟ್ಟೆ ನೋಡಿದಳು, ಗೋಡೆಯ ಮೇಲಿನ ಅಪ್ಪನನ್ನು ನೋಡಿದಳು.

"ನಿಂಗೆಷ್ಟ್ಲಾ ವಯಸ್ಸು?"

"ಐವತ್ತೆಂಟು ಕಣಜ್ಜಿ."

"ನನ್ನ ಕಟ್ಟು ಕೊಟ್ಬುಡು. ಪಾಂಡವಪುರದಾಗೆ ಎಳೇ ವಯಸ್ಸಿನೋನು ಒಬ್ಬ ಅಂಗ್ಡಿ ಮಡಗವ್ನಂತೆ, ಅವ್ನತ್ರ ಬುಡ್ತೀನಿ. ನಿಮ್ಮಪ್ಪನ್ನ ನಂಬ್ಕೊಂಡಿದ್ದೆ, ಮುಂದಾಗೇ ಒಂಟೋದ. ನಿನ್ನ ನಂಬ್ಕೊಂಡ್ರೆ ನನ್ನ ಗತಿ ಏನ್ಲಾ?"

ನಗಬೇಕಿತ್ತು, ಆದರೆ ಹೆದರಿಕೆಯಾಯಿತು. ಅಪ್ಪನೂ ಇದೇ ಸ್ಟೂಲಿನ ಮೇಲೆ ಕೂತು ಬೋಂಡ ತಿನ್ನುತ್ತಿದ್ದ. ಈ ಕಟ್ಟು ಹೋದರೆ ಹಿಂದೆಯೇ ನಾನೂ ಹೊರಟಂತೆ ಅನ್ನಿಸಿ, ಅದನ್ನು ಎದೆಗೆ ಅವಚಿಕೊಂಡು, "ಕೊಡಾಕಿಲ್ಲ ಕಣಜ್ಜಿ, ನಿನ್ನ ಫೋಟೋಗೆ ಗಾಜು ಹಾಕೋನು ನಾನೇಯ" ಎಂದುಬಿಟ್ಟೆ. ಯಾರೂ ಯಾರಿಗೂ ಆಡಬಾರದ ಮಾತು. ಅಜ್ಜಿಯ ಮುಖ ಮಾತ್ರ ಅರಳಿತು.

"ಅಂಗಾರೆ ಬೋಂಡ ಬುಟ್ಟು ದಿನಾ ನಡಿ" ಅಂದಳು.

ಹೆಂಡತಿ ವರ್ಷಗಟ್ಟಲೆ ಹೇಳಿದರೂ ಆಗದ್ದು ಈಗ ಆಗಿದೆ. ಬೆಳಿಗ್ಗೆ ಎದ್ದು ಬಾಬುರಾಯನಕೊಪ್ಪಲಿನವರೆಗೆ ನಡೆದು ಬರುತ್ತೇನೆ. ಅಜ್ಜಿ ವಾರಕ್ಕೊಮ್ಮೆ ನನ್ನ ಹೆಂಡತಿಗೆ ಫೋನ್ ಮಾಡಿ, "ಇನ್ನೂ ಅವ್ನೆ ತಾನೆ?" ಎಂದು ವಿಚಾರಿಸಿಕೊಳ್ಳುತ್ತಾಳೆ. ಅವಳ ಕಟ್ಟಿಗೆ ಗಾಜು ಹಾಕುವವರೆಗೆ ನಾನು ಸಾಯುವಂತಿಲ್ಲ, ಅವಳಿಗಂತೂ ಸಾಯುವ ಲಕ್ಷಣವೇ ಇಲ್ಲ. ಹೀಗಾಗಿ ಬಹಳ ನೆಮ್ಮದಿಯಲ್ಲಿದ್ದೆ.

ನಿನ್ನೆ ಅಂಗಡಿಗೆ ಹೊಸ ಪಟ್ಟಿಗಳು ಬಂದವು. ಹೆಂಡತಿ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರೀ, ಇದು ಚೆಂದಾಗದೆ. ಜೋಡಿಗಾಗೋವಷ್ಟು ಈಗ್ಲೇ ಎತ್ತಿಟ್ಬುಡಿ, ಆಮೇಲೆ ನಂದಕ್ಕೆ ಈ ನಮೂನೆ ಸಿಗಾಕಿಲ್ಲ" ಅಂದಳು.

ನಾಳೆಯಿಂದ ಬಾಬುರಾಯನಕೊಪ್ಪಲನ್ನೂ ದಾಟಿ ನಡೆಯಬೇಕು.