ರೇಷನ್ ಅಕ್ಕಿಯಲ್ಲಿ ಪಿಕ್ನಿಕ್

ಪಿಕ್ನಿಕ್ ಬಹಳ ಸುಲಭದ ವಿಷಯ ಎಂದು ನಾನು ತಿಳಿದಿದ್ದೆ. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳು ನಮ್ಮನ್ನು ಕೆರೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಬಿಳಿ ಟೇಬಲ್ ಕ್ಲಾತ್, ಸೌತೆಕಾಯಿ ಸ್ಯಾಂಡ್‌ವಿಚ್, ಊಟಕ್ಕೆ ಮುಂಚೆ ಪ್ರಾರ್ಥನೆ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ಮಗ್ಗಗಳ ಸದ್ದಿನಲ್ಲಿ ಅದೆಲ್ಲ ಮುಳುಗಿಹೋಯಿತು. ಈಗ ಮಗ್ಗಗಳೂ ಇಲ್ಲ, ಒಂದೊಂದಾಗಿ ಮಾರಿಕೊಂಡು ತಿಂದೆವು. ಮನೆ ನಿಶ್ಶಬ್ದವಾದ ಮೇಲೆ ಆ ಕೆರೆಯ ದಂಡೆ ಮತ್ತೆ ಮತ್ತೆ ನೆನಪಾಗತೊಡಗಿತು.

"ರೀ, ಜಸ್ಟ್ ಒನ್ಸ್, ಒಂದು ಪಿಕ್ನಿಕ್ ಹೋಗೋಣ" ಎಂದೆ ನಮ್ಮ ಯಜಮಾನರಿಗೆ.

"ಮನೇಲಿ ಏನೈತೆ ತಗೊಂಡು ಹೋಗೋಕೆ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಬಿಪಿಎಲ್ ಕಾರ್ಡಿಗೆ ಅಕ್ಕಿ ಬರುತ್ತದೆ, ರಾಗಿ ಬರುತ್ತದೆ. ಕೋಳಿ ಬರುವುದಿಲ್ಲ. ಚಕ್ಕೆ, ಲವಂಗ, ತುಪ್ಪ, ನಿಂಬೆಹಣ್ಣು, ಸೌದೆ, ಯಾವುದೂ ಬರುವುದಿಲ್ಲ. ಸರ್ಕಾರದ ಅಭಿಪ್ರಾಯದಲ್ಲಿ ಬಡವರಿಗೆ ಹಸಿವಾಗುತ್ತದೆ, ಆದರೆ ಅವರು ಪಿಕ್ನಿಕ್ ಹೋಗುವುದಿಲ್ಲ.

ಪಕ್ಕದ ಮನೆಯ ಜಯಮ್ಮ ಇದಕ್ಕೊಂದು ದಾರಿ ಹೇಳಿದಳು. ಅವಳು ನಾಟಿ ಕೋಳಿ ಸಾಕಿದ್ದಾಳೆ. "ಅದ್ಕೇನ್ ಆಂಟಿ, ಕೋಳಿ ಮಸಾಲೆ ಎಲ್ಲಾ ನಾನ್ ತರ್ತೀನಿ, ಅಕ್ಕಿ ನೀವ್ ತನ್ನಿ. ಮಿಕ್ಕಿದ್ ಅಕ್ಕಿ ನಂಗ್ ಕೊಟ್ಬಿಡಿ, ದೋಸೆಗಾಯ್ತದೆ. ರಾಜಘಟ್ಟದ್ ಹತ್ರ ನಮ್ಮ ಅಣ್ಣನ ಮಾವಿನ ತೋಪೈತೆ, ಅಲ್ಲೇ ಬಿರಿಯಾನಿ ಮಾಡವ."

ಇಷ್ಟಕ್ಕೇ ಬಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ನಾನು ಎಲ್ಲವನ್ನೂ ಪ್ರಾಪರ್ ಆಗಿ ಮಾಡುವವಳು. ರೇಷನ್ ಅಂಗಡಿಯವನನ್ನು ಕೇಳಿಯೇಬಿಟ್ಟೆ.

"ಈ ಅಕ್ಕೀಲಿ ಬಿರಿಯಾನಿ ಮಾಡ್ಬಹುದೇನಪ್ಪಾ?"

ಅವನು ತಕ್ಕಡಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದ. "ಯಾಕಮ್ಮಾ?"

"ಸುಮ್ನೆ."

"ಏನಾದ್ರೂ ಮಾಡ್ಕೊಂಡು ತಿನ್ನಿ. ಮಾರ್ಬೇಡಿ, ಇದನ್ ಕೊಟ್ಟು ಇನ್ನೊಂದ್ ಇಸ್ಕೋಬೇಡಿ. ಚೆಕಿಂಗ್ ನಡೀತೈತೆ. ಸುಮಾರ್ ಕಾರ್ಡು ರದ್ದಾಗ್ತಾವೆ."

ಇದನ್ನು ಕೊಟ್ಟು ಇನ್ನೊಂದನ್ನು ಇಸಿದುಕೊಳ್ಳುವುದು! ಕಾನ್ವೆಂಟಿನಲ್ಲಿ ಇದಕ್ಕೆ ಬಾರ್ಟರ್ ಸಿಸ್ಟಂ ಎಂದು ಪಾಠವೇ ಇತ್ತು. ಅಕ್ಕಿ ಕೊಟ್ಟು ಕೋಳಿ ಪಡೆಯುವ ನಾನು ಕಾನೂನಿನ ಕಣ್ಣಿನಲ್ಲಿ ಕಾಳಸಂತೆಯವಳು. ಕಾರ್ಡ್ ಹೋದರೆ ಹೋಗುವುದು ಅಕ್ಕಿ ಮಾತ್ರವಲ್ಲ. ಯಜಮಾನರ ಎದೆಗೆ ಸ್ಟೆಂಟ್ ಬಿದ್ದಿದ್ದು ಆ ಕಾರ್ಡಿನಿಂದ. ಇನ್ನೊಂದು ಹಾಕಬೇಕೆಂದು ಡಾಕ್ಟರ್ ಹೇಳಿದ್ದಾರೆ. ಅದನ್ನು ನಮ್ಮ ದುಡ್ಡಿನಲ್ಲಿ ಹಾಕಿಸುವುದು ಕನಸಿನ ಮಾತು.

ಬುದ್ಧಿಯಿದ್ದವರು ಪಿಕ್ನಿಕ್ ಬಿಡುತ್ತಿದ್ದರು. ನಾನು ಸೆಕ್ಯುರಿಟಿ ಹೆಚ್ಚಿಸಿದೆ. ಹಳೆಯ ಸೀರೆ ಉಟ್ಟೆ. ಯಜಮಾನರಿಗೆ ಹರಿದ ಶರಟು ತೊಡಿಸಿದೆ. ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಕಾರ್ಡನ್ನೂ ಪರ್ಸಿನಲ್ಲಿಟ್ಟುಕೊಂಡೆ. ಹೊರಗೆ ಒಂದು ಪದವೂ ಇಂಗ್ಲಿಷ್ ಆಡಬಾರದೆಂದು ನನಗೆ ನಾನೇ ವಾರ್ನಿಂಗ್ ಕೊಟ್ಟುಕೊಂಡೆ.

ಭಾನುವಾರ ತೋಪು ತಲುಪಿದೆವು. ಯಜಮಾನರು ಸಲಿಕೆಯಿಂದ ಒಲೆಗೆ ಗುಂಡಿ ತೆಗೆದರು. ಜಯಮ್ಮ ಕೊಡ ಹಿಡಿದು ದೂರದ ಪಂಪಿನ ಮನೆಗೆ ನೀರಿಗೆ ಹೋದಳು. ನಾನು ಮಸಾಲೆ ಹಚ್ಚಿದ ಕೋಳಿಯ ಡಬ್ಬಿ, ನಿಂಬೆಹಣ್ಣು, ಅಕ್ಕಿಯ ಚೀಲ, ಎಲ್ಲವನ್ನೂ ಅಂದವಾಗಿ ಜೋಡಿಸಿದೆ. ಅಕ್ಕಿಗೆ ಮೊದಲೇ ಅರಿಶಿನ ಕಲಸಿದ್ದೆ. ರೇಷನ್ ಅಕ್ಕಿಯೆಂದು ಗೊತ್ತಾಗದಿರಲಿ ಎಂಬ ನನ್ನ ಸ್ವಂತ ಐಡಿಯಾ.

ಆಗ ಮರದ ಸಂದಿನಲ್ಲಿ ಒಬ್ಬ ಮನುಷ್ಯ ಕಂಡ. ಖಾಕಿ ಪ್ಯಾಂಟು, ತಲೆಗೆ ಟೋಪಿ. ನಮ್ಮತ್ತಲೇ ಫೋನ್ ಹಿಡಿದು ನಿಂತಿದ್ದ.

"ರೀ, ಫುಡ್ ಇನ್‌ಸ್ಪೆಕ್ಟರ್" ಎಂದೆ.

"ಭಾನುವಾರ ಯಾವ ಇನ್‌ಸ್ಪೆಕ್ಟರ್ರೇ?"

"ಅವ್ರು ಭಾನುವಾರಾನೇ ಬರೋದು. ಸರ್ಪ್ರೈಸ್ ವಿಸಿಟ್."

ಅವರು ಮುಂದೆ ಮಾತಾಡುವಷ್ಟರಲ್ಲಿ ನಾನು ಅಕ್ಕಿ, ಕೋಳಿ, ನಿಂಬೆಹಣ್ಣು ಎಲ್ಲವನ್ನೂ ಹಳೆಯ ಕೆಂಪು ಟವೆಲ್ಲಿನಲ್ಲಿ ಗಂಟು ಕಟ್ಟಿ ಗುಂಡಿಗಿಳಿಸಿ, ಮಣ್ಣೆಳೆದು, ಅದರ ಮೇಲೆ ಕುಳಿತುಬಿಟ್ಟೆ.

ಮನುಷ್ಯ ಹತ್ತಿರ ಬಂದ. "ಏನ್ ಮಾಡ್ತಿದ್ದೀರಾ ಇಲ್ಲಿ?"

"ಏನಿಲ್ಲ. ಗಾಳಿ ತಗೋತಿದ್ದೀವಿ."

"ಸಲಿಕೆ ಯಾಕೆ?"

"ಗಾರ್ಡನಿಂಗ್" ಎಂದೆ. ವಾರ್ನಿಂಗ್ ಅಲ್ಲಿಗೆ ಮುಗಿಯಿತು.

"ಯಾರದೋ ತೋಪಲ್ಲಿ ನೀವ್ ಗಾರ್ಡನಿಂಗಾ? ಎಷ್ಟ್ ದಿನದಿಂದ ಈ ಕೆಲ್ಸ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆನಿಸಿತು. "ಫಸ್ಟ್ ಟೈಮ್ ಸಾರ್. ಪ್ರಾಮಿಸ್. ಜಯಮ್ಮ ಹೇಳಿದ್ಲು ಅಂತ ಒಪ್ಕೊಂಡೆ."

"ಜಯಮ್ಮ ಯಾರು?"

"ಕೋಳಿ ಕೊಡೋಳು."

ಆ ಮನುಷ್ಯನ ಮುಖ ಬಿಳಿಚಿಕೊಂಡಿತು. "ಕೋಳೀನೂ ತಂದಿದ್ದೀರಾ? ಏಳಿ ಮೇಲೆ."

ಎದ್ದೆ. ಅವನು ಸಲಿಕೆಯಿಂದ ಮಣ್ಣು ಸರಿಸಿ ಗಂಟು ಬಿಚ್ಚಿ, ಚೀಲ ಡಬ್ಬಿ ಎರಡನ್ನೂ ಅದರ ಮೇಲೇ ಸುರಿದ. ಕೆಂಪು ಬಟ್ಟೆ. ಅರಿಶಿನದ ಅಕ್ಕಿ. ನಿಂಬೆಹಣ್ಣು. ಕತ್ತರಿಸಿದ ಕೋಳಿ. ಅವನು ಎರಡು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿ ಕೂಗಿದ: "ಲೇ, ಬೇಗ ಬರ್ರೋ, ನಿಧಿ ಕಳ್ರು ಸಿಕ್ಕವ್ರೆ. ಪೂಜೆ ಸಾಮಾನು ಸಮೇತ."

ಆಗ ನನಗೆ ಅರ್ಥವಾಯಿತು. ತೋಪಿನ ಪಕ್ಕದಲ್ಲೇ, ಹಿಂದೊಮ್ಮೆ ಅಗೆದು ಹಳೆಯ ಕಾಲದ ಕಟ್ಟಡ ಹೊರತೆಗೆದ ದಿಬ್ಬವಿತ್ತು. ನಿಧಿ ಆಸೆಗೆ ಯಾರಾದರೂ ಅಗೆದಾರೆಂದು ಊರಿನವರು ಕಾವಲಿಗೆ ಬಿಟ್ಟ ಮನುಷ್ಯ ಈತ. ಬಿರಿಯಾನಿಗೆ ಬೇಕಾದದ್ದೆಲ್ಲ ನಿಧಿ ಪೂಜೆಗೂ ಬೇಕಾಗುತ್ತದೆಂದು ನನಗೆ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ.

"ನೋ ನೋ ಸಾರ್, ಇದು ರೇಷನ್ ಅಕ್ಕಿ" ಎಂದು ನಾನು ಬೆಳಗಿನಿಂದ ಮುಚ್ಚಿಟ್ಟದ್ದನ್ನು ತೋಪಿನ ಮೂಲೆ ಮೂಲೆಗೂ ಕೇಳುವಂತೆ ಕಿರುಚಿದೆ. "ನಾವು ಬಡವರು. ಕಾರ್ಡ್ ಇದೆ, ಲುಕ್." ಪರ್ಸಿನಿಂದ ಕಾರ್ಡ್ ತೆಗೆದು ಅವನ ಮೂಗಿನ ಮುಂದೆ ಹಿಡಿದೆ.

ಅವನು ಕಾರ್ಡ್ ನೋಡಿದ, ನನ್ನನ್ನು ನೋಡಿದ. "ಇಷ್ಟ್ ಇಂಗ್ಲಿಷ್ ಮಾತಾಡ್ತೀರ, ಬಿಪಿಎಲ್ಲಾ? ಕಾರ್ಡೂ ಡೂಪ್ಲಿಕೇಟಾ?"

ಯಜಮಾನರು ತಣ್ಣಗೆ ಹೇಳಿದರು: "ಕಾರ್ಡ್ ಒರಿಜಿನಲ್ಲೇ ಕಣಪ್ಪ. ಇಂಗ್ಲಿಷೇ ಹಳೇದು."

ಅಷ್ಟರಲ್ಲಿ ಊರಿನವರು ಓಡಿ ಬಂದರು, ಕೊಡ ಹೊತ್ತು ಜಯಮ್ಮನೂ ಬಂದಳು. ಬಂದವರಲ್ಲಿ ತೋಪಿನ ಒಡೆಯ, ಅವಳ ಅಣ್ಣನೇ ಇದ್ದ; ಇವರು ನಮ್ಮವರೇ ಎಂದ. "ನಿಧಿಯಂತೆ" ಎಂದು ಅವಳು ನಗಲು ಶುರು ಮಾಡಿದವಳು ಕೊಡ ಇಳಿಸುವುದನ್ನೂ ಮರೆತಳು. ಆದರೂ ಕಾವಲುಗಾರನ ಅನುಮಾನ ಪೂರ್ತಿ ಹೋಗಲಿಲ್ಲ. ಅಗೆದ ಗುಂಡಿ, ಸಲಿಕೆ, ಅಕ್ಕಿ, ನಾನು, ನನ್ನ ಕೈಯಲ್ಲಿ ಕಾರ್ಡ್, ಎಲ್ಲ ಸೇರಿಸಿ ಒಂದು ಫೋಟೋ ತೆಗೆದ. ನಾವು ಬೇಯಿಸಿ ತಿನ್ನುವವರೆಗೂ ಎದುರಿಗೇ ಕುಳಿತ. ತಿನ್ನುವಾಗ ಅವನಿಗೂ ಬಡಿಸಿದೆವು. ಹಲ್ಲಿಗೆ ಮಣ್ಣು ಸಿಕ್ಕಾಗಲೆಲ್ಲ ಅವನು ನನ್ನತ್ತ ನೋಡುತ್ತಿದ್ದ.

ಫೋಟೋ ಸಂಜೆಯೊಳಗೆ ವಾಟ್ಸಾಪಿನಲ್ಲಿ ನಮ್ಮ ಬೀದಿಗೂ ಬಂತು.

ಸ್ವಲ್ಪ ದಿನಕ್ಕೆ ನಿಜವಾದ ಚೆಕಿಂಗಿನವರೇ ಬಂದರು. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ಬಂದವರು ಜಯಮ್ಮನನ್ನು ಕೇಳುತ್ತಿದ್ದರು: "ಈ ಮನೆಯವರು ನಿಜವಾಗ್ಲೂ ಬಡವರಾ? ಆಯಮ್ಮ ಭಾರಿ ಇಂಗ್ಲಿಷ್ ಮಾತಾಡ್ತಾರಂತೆ."

"ಅಯ್ಯೋ ಸಾರ್, ಫೋಟೋ ನೋಡ್ಲಿಲ್ವಾ?" ಎಂದಳು ಜಯಮ್ಮ. "ನಿಧಿ ಇರೋ ಜಾಗದಲ್ಲಿ ಗುಂಡಿ ಅಗೆದ್ರೂ ಇವ್ರಿಗೆ ಸಿಕ್ಕಿದ್ದು ರೇಷನ್ ಅಕ್ಕೀನೇ. ಇನ್ನೆಷ್ಟ್ ಬಡವ್ರಾಗ್ಬೇಕು?"

ಬಂದವರು ನಕ್ಕು ಮುಂದಿನ ಮನೆಗೆ ಹೋದರು. ಕಾರ್ಡ್ ಉಳಿಯಿತು, ಯಜಮಾನರ ಎರಡನೆಯ ಸ್ಟೆಂಟೂ ಉಳಿಯಿತು. ನಾನು ಬಾಗಿಲ ಹಿಂದಿನಿಂದ ಈಚೆ ಬರಲು ಮಾತ್ರ ಬಹಳ ಹೊತ್ತು ಹಿಡಿಯಿತು.