ಒಳ್ಳೇ ಸ್ಕೂಲು ಇರುವ ಕಡೆ ಮನೆ

ಮನೆ ಕೊಳ್ಳಲು ಹೊರಟವನು ಮನೆಯನ್ನು ನೋಡುತ್ತಾನೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ನಮ್ಮ ಮೈಸೂರಿನಲ್ಲಿ ಮನೆ ನೋಡಲು ಬಂದವರು ನಲ್ಲಿ ತಿರುಗಿಸಿ ನೋಡುತ್ತಿದ್ದರು, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದರು, ಪಕ್ಕದ ಮನೆಯವರು ಜಗಳಗಂಟರೇ ಎಂದು ದನಿ ತಗ್ಗಿಸಿ ವಿಚಾರಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಮಕ್ಕಳ ಸ್ಕೂಲಿನ ವಿಷಯ ಯಾರ ಬಾಯಿಗೂ ಬರುತ್ತಿರಲಿಲ್ಲ. ನನ್ನನ್ನು ಸ್ಕೂಲಿಗೆ ಸೇರಿಸಿದ ದಿನ ನಮ್ಮ ತಂದೆ ಮನೆಯಿಂದ ಹೊರಟು, ದಾರಿಯಲ್ಲಿ ಮೊದಲು ಸಿಕ್ಕಿದ ಸ್ಕೂಲಿನೊಳಗೆ ನನ್ನನ್ನು ಬಿಟ್ಟು, ಹಾಗೆಯೇ ಕಚೇರಿಗೆ ನಡೆದರು. ಸ್ವಲ್ಪ ಮುಂದೆ ಇನ್ನೊಂದು ಸ್ಕೂಲು ಇತ್ತು, ಅದು ಇದಕ್ಕಿಂತ ಚೆನ್ನಾಗಿತ್ತಂತೆ. ಆದರೆ ಅಲ್ಲಿಯವರೆಗೂ ಹೋಗಿದ್ದರೆ ಅವರಿಗೆ ಕಚೇರಿಗೆ ತಡವಾಗುತ್ತಿತ್ತು. ನಾನು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಅಮೆರಿಕಕ್ಕೆ ಬಂದಾಗ, ಆ ಸ್ಕೂಲು ಆರಿಸಿದ್ದು ತಾವೇ ಎಂದು ಅವರು ಬಂಧುಗಳ ಮುಂದೆ ಹೇಳಿಕೊಂಡರಂತೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ವಾಷಿಂಗ್ಟನ್ನಿನ ಹೊರಗೆ, ಮೇರಿಲ್ಯಾಂಡಿನಲ್ಲಿ, ನಾನೊಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ನಾನು, ನನ್ನ ಹೆಂಡತಿ ವಿಮಲ, ಮಗಳು ಮಾಲು ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಒಗ್ಗರಣೆ ಹಾಕಿದರೆ ಮೇಲಿನ ಮನೆಯವರು ಕಿಟಕಿ ತೆರೆಯುವ ಸದ್ದು ಕೇಳುತ್ತಿತ್ತು. ಮುಂದಿನ ಸೆಪ್ಟೆಂಬರಿಗೆ ಮಾಲು ಒಂದನೇ ಕ್ಲಾಸಿಗೆ ಹೋಗಬೇಕು. ಮನೆಯಲ್ಲಿ ಬಾಯಿ ಮುಚ್ಚದ ಈ ಹುಡುಗಿ ಕಿಂಡರ್‌ಗಾರ್ಟನ್ನಿನಲ್ಲಿ ವರ್ಷವೆಲ್ಲ ಒಂದು ಮಾತೂ ಆಡಿರಲಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲವೇನೋ ಎಂದು ಟೀಚರ್ ನಮ್ಮನ್ನು ಕರೆಸಿ ಕೇಳಿದರು. ಮನೆಯಲ್ಲಿ ಅವಳು ಆಡುತ್ತಿದ್ದುದೇ ಇಂಗ್ಲಿಷ್. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ವಿಮಲ ಅಂದು ಮನೆಗೆ ಬಂದ ಮೇಲೆ, "ರೀ, ಬೇರೆ ಕಡೆ ಹೋಗೋಣ. ಒಳ್ಳೇ ಸ್ಕೂಲು ಇರೋ ಕಡೆ ಮನೆ ನೋಡಿ" ಎಂದಳು.

ಒಳ್ಳೇ ಸ್ಕೂಲು ಎಲ್ಲಿದೆ ಎಂಬ ಪ್ರಶ್ನೆಗೆ ನಮ್ಮ ಕನ್ನಡದವರ ಕೂಟಗಳಲ್ಲಿ ಉತ್ತರಕ್ಕೆ ಬರವಿರಲಿಲ್ಲ. ಆಗ ನಾವಿದ್ದದ್ದೇ ಕೆಲವು ಕುಟುಂಬಗಳು. ಹೆಚ್ಚಿನವರು ಡಾಕ್ಟರುಗಳು, ಉಳಿದವರು ನನ್ನಂತೆ ಡಾಕ್ಟರ್ ಎನಿಸಿಕೊಂಡರೂ ಜ್ವರಕ್ಕೆ ಮದ್ದು ಕೊಡಲಾರದವರು. ಹಿಂದೆ ಗೋತ್ರ ಯಾವುದು ಎಂದು ಕೇಳುತ್ತಿದ್ದವರು ಈಗ ಕೌಂಟಿ ಯಾವುದು ಎಂದು ಕೇಳುತ್ತಿದ್ದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಅಲ್ಲಿನ ಸರ್ಕಾರಿ ಸ್ಕೂಲುಗಳೆಲ್ಲ ಅದರ ಕೈಯಲ್ಲಿ. ಯಾವ ಬೀದಿಯಲ್ಲಿ ಮನೆಯೋ ಆ ಬೀದಿಗೆ ಗೊತ್ತುಮಾಡಿದ ಸ್ಕೂಲಿಗೇ ಮಗು ಹೋಗಬೇಕು. ಹಾಗಾಗಿ ಮನೆ ಕೊಳ್ಳುವುದೆಂದರೆ ಸ್ಕೂಲು ಕೊಂಡಂತೆ.

ಎಲಿಕಾಟ್ ಸಿಟಿಯ ಡಾಕ್ಟರ್ ರಂಗಸ್ವಾಮಿಯವರು ಈ ವಿಷಯದಲ್ಲಿ ದೊಡ್ಡ ಪಂಡಿತರು. ಆಸ್ಪತ್ರೆಯಲ್ಲಿ ಅವರದು ಅರಿವಳಿಕೆ ಕೊಡುವ ಕೆಲಸ. ದಿನವಿಡೀ ಮಾತಾಡದ ಜನರ ನಡುವೆ ಇರುತ್ತಿದ್ದ ಕಾರಣವೋ ಏನೋ, ಎಚ್ಚರವಾಗಿದ್ದವರು ಸಿಕ್ಕಿದರೆ ಬಿಡುತ್ತಿರಲಿಲ್ಲ.

"ನೋಡ್ರೀ, ಕಣ್ಣು ಮುಚ್ಕೊಂಡು ನಮ್ಮ ಕಡೆ ಬಂದ್ಬಿಡಿ. ನಮ್ಮ ಹೊಸ ಸ್ಕೂಲಲ್ಲಿ ಕ್ಲಾಸಿಗೂ ಕ್ಲಾಸಿಗೂ ಮಧ್ಯೆ ಗೋಡೇನೇ ಇಲ್ಲ! ಎಲ್ಲಾ ಓಪನ್!" ಎಂದರು ಒಂದು ಕೂಟದಲ್ಲಿ.

"ಗೋಡೆ ಇಲ್ಲದಿದ್ರೆ ಪಕ್ಕದ ಕ್ಲಾಸಿನ ಲೆಕ್ಕ ಇಲ್ಲಿಗೆ ಕೇಳ್ಸುತ್ತಲ್ರೀ?" ಎಂದರು ಮೂರ್ತಿ. ಅವರು ನದಿಯಾಚೆ, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯವರು. ಹವಾಮಾನದ ವಿಜ್ಞಾನಿ. ಯಾವ ಮಾತನ್ನೂ ಪೂರ್ತಿ ಒಪ್ಪಿದವರಲ್ಲ.

"ಅದೇ ಅಡ್ವಾಂಟೇಜು! ಒಂದು ಕ್ಲಾಸಲ್ಲಿ ಕೂತ್ಕೊಂಡು ಎರಡು ಕ್ಲಾಸು ಕಲೀಬಹುದು."

ನಾನು ಕಲಿತ ಸ್ಕೂಲಿನಲ್ಲೂ ತರಗತಿಗಳ ನಡುವೆ ಗೋಡೆ ಇರಲಿಲ್ಲ. ಆದರೆ ಆಗ ಅದನ್ನು ಬಡತನ ಎನ್ನುತ್ತಿದ್ದೆವು.

"ನಮ್ಮ ಕಡೆ ಬನ್ನಿ," ಎಂದರು ಮೂರ್ತಿ. "ಗೋಡೇನೂ ಇದೆ, ಬ್ಯಾಂಡೂ ಇದೆ. ಸ್ವಲ್ಪ ದೊಡ್ಡವಳಾದ್ರೆ ಫ್ರೆಂಚ್ ಬೇರೆ ಹೇಳ್ಕೊಡ್ತಾರೆ."

"ಇರೋ ಎರಡು ಭಾಷೇಲೇ ಸ್ಕೂಲಲ್ಲಿ ಬಾಯಿ ಬಿಡ್ತಿಲ್ಲ. ಮೂರನೇದ್ರಲ್ಲೂ ಸುಮ್ಮನಿರ್ಲಿ ಅಂತೀರಾ?" ಎಂದಳು ವಿಮಲ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ನನಗೆ ಮಾತ್ರ ಕುತೂಹಲ ಹತ್ತಿಕೊಂಡಿತು. ಇಷ್ಟು ಜನ ಇಷ್ಟು ಖಚಿತವಾಗಿ ಮಾತಾಡುವ ವಿಷಯವನ್ನು ಯಾರೂ ಹೋಗಿ ನೋಡಿದಂತೆ ಕಾಣಲಿಲ್ಲ. ನಾನು ಹೋಗಿ ನೋಡುವುದೆಂದು ನಿಶ್ಚಯಿಸಿದೆ. ಪ್ರಯೋಗಾಲಯದಲ್ಲಿ ಅರ್ಧ ದಿನದ ರಜ ಹಾಕಿ, ಕೋಟು ಟೈ ಧರಿಸಿ, ಒಂದು ಹೊಸ ಪ್ರಾಥಮಿಕ ಶಾಲೆಯ ಎದುರು ಕಾರು ನಿಲ್ಲಿಸಿ ಒಳಗೇ ಕುಳಿತು ನೋಡತೊಡಗಿದೆ. ಮಕ್ಕಳು ಓಡಾಡುತ್ತಿದ್ದರು, ಕೂಗುತ್ತಿದ್ದರು. ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಯೋಚಿಸುತ್ತಿರುವಾಗ ಯಾರೋ ಕಿಟಕಿ ಬಡಿದರು. ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು, ಕೈಯಲ್ಲಿ ಸೀಟಿ. ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದಳು. ಸ್ಕೂಲುಗಳನ್ನು ಹೋಲಿಸಿ ನೋಡುತ್ತಿದ್ದೇನೆ ಎಂದೆ. ಆಕೆ ನನ್ನನ್ನು ಕಾರಿನಿಂದ ಇಳಿಸಿ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದಳು. ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲೂ ನನಗೆ ಅಂಥ ಗೌರವ ಸಿಕ್ಕಿರಲಿಲ್ಲ.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ನನ್ನ ಕಥೆ ಕೇಳಿ ನಕ್ಕು, ಒಂದನೇ ಕ್ಲಾಸಿಗೆ ಕರೆದುಕೊಂಡು ಹೋಗಿ ಒಂದು ಪುಟ್ಟ ಕುರ್ಚಿಯ ಮೇಲೆ ಕೂರಿಸಿದರು. ನೆಲಕ್ಕೆಲ್ಲ ಹಳದಿ ಕಾರ್ಪೆಟ್. ಮೂಲೆಯ ಪಂಜರದಲ್ಲಿ ಇಲಿಯಂಥ ಒಂದು ಪ್ರಾಣಿ ಚಕ್ರ ತಿರುಗಿಸುತ್ತಿತ್ತು. ಬಂದವರು ಇಂಡಿಯಾದವರು, ಏನು ಬೇಕಾದರೂ ಕೇಳಿ ಎಂದು ಟೀಚರ್ ಮಕ್ಕಳಿಗೆ ಹೇಳಿದಳು. ಒಬ್ಬ ಹುಡುಗ ಕೈಯೆತ್ತಿ, ನಿಮ್ಮ ತಲೆ ಯಾಕೆ ಹಾಗೆ ಅಲ್ಲಾಡುತ್ತದೆ ಎಂದು ಕೇಳಿದ. ಅಲ್ಲಾಡುತ್ತಿಲ್ಲವಲ್ಲ ಎಂದೆ. ಇಡೀ ಕ್ಲಾಸು ನಕ್ಕಿತು. ಹಾಗೆನ್ನುವಾಗ ಅಲ್ಲಾಡಿತಂತೆ. ಸ್ಕೂಲನ್ನು ಪರೀಕ್ಷೆ ಮಾಡಲು ಹೋದವನು ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತು ಪರೀಕ್ಷೆ ಕೊಟ್ಟು ಬಂದೆ. ಆದರೂ ಮನಸ್ಸು ಸೋತಿತ್ತು. ಸ್ಕೂಲು ಎಂದರೆ ಇದೇ ಎಂದು ಮನೆಗೆ ಬಂದು ಸಾರಿದೆ.

ಆ ಸ್ಕೂಲಿಗೆ ಸೇರಿದ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕಿತ್ತು. ಯಾವ ಕೌಂಟಿ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಕೌಂಟಿಯವರು ನಮ್ಮನ್ನು ಊಟಕ್ಕೆ ಕರೆಯುವುದಿಲ್ಲ. ಮನೆ ತೋರಿಸಲು ಬಂದ ಏಜೆಂಟ್ ಹೆಂಗಸಿನ ಕಾರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಡುಮನೆಯೇ ಹಿಡಿಸುತ್ತಿತ್ತು. ಹಿತ್ತಿಲ ಬೇಲಿಯಾಚೆ ಒಂದು ಸಣ್ಣ ತೊರೆ. ಗಡಿ ಅದೇ, ಆಚೆ ದಡದ ಮಕ್ಕಳು ಹಳೆಯ ಇಟ್ಟಿಗೆ ಕಟ್ಟಡದ ಸ್ಕೂಲಿಗೆ ಹೋಗುತ್ತಾರೆ, ನಿಮ್ಮ ಕಡೆಯವರು ಹೊಸದಕ್ಕೆ ಎಂದು ಆಕೆ ಹೇಳಿದಳು. ಇಟ್ಟಿಗೆಯ ಸ್ಕೂಲಿನ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ. ರಂಗಸ್ವಾಮಿಯವರಂತೂ, "ಅಯ್ಯೋ, ಅದಾ? ಅದು ಅಷ್ಟಕ್ಕಷ್ಟೇರೀ" ಎಂದು ಕೈ ಕೊಡವಿದ್ದರು. ನಾನು ತೊರೆಯಾಚೆಯ ಮನೆಗಳತ್ತ ಕನಿಕರದಿಂದ ನೋಡಿದೆ.

ವಿಮಲ ಒಳಗೆ ನೋಡಿ ಬಂದಳು. "ಬೇಸ್‌ಮೆಂಟಲ್ಲಿ ನೀರು ಜಿನುಗ್ತಿದೆ. ಅಡುಗೆಮನೇಲಿ ನಾನು ನಿಂತ್ರೆ ಒಲೆಗೆ ಜಾಗ ಇಲ್ಲ. ನೀವು ಮನೆ ನೋಡ್ತಿದೀರೋ, ಸ್ಕೂಲು ನೋಡ್ತಿದೀರೋ?"

"ಸ್ಕೂಲು ಕಣೇ."

"ಹಾಗಾದ್ರೆ ರಾತ್ರಿ ಅಲ್ಲೇ ಹೋಗಿ ಮಲಗೋಣ ಬಿಡಿ."

ಕೊಂಡೆವು. ಬೇಸಿಗೆಯಲ್ಲಿ ಬಂದು ಸೇರಿಕೊಂಡೆವು. ಸ್ಕೂಲು ತೆರೆಯಲು ಇನ್ನೂ ಕೆಲವು ವಾರವಿದ್ದಾಗ, ಒಂದು ಶನಿವಾರ, ಪಕ್ಕದ ಮನೆಯ ನಿವೃತ್ತ ಮುದುಕರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಬೇಲಿಯ ಹತ್ತಿರ ಬಂದರು. ನಿಮ್ಮ ಮಗಳು ಇಟ್ಟಿಗೆ ಸ್ಕೂಲಿಗೆ ತಾನೇ ಎಂದು ಕೇಳಿದರು. ಅಲ್ಲ, ಹೊಸದಕ್ಕೆ ಎಂದು ತಿದ್ದಿದೆ. ನಿಮಗೆ ಗೊತ್ತಿಲ್ಲವೇ, ಗಡಿ ಬದಲಾಯಿತಲ್ಲ ಎಂದರು. ಹೊಸ ಸ್ಕೂಲಿಗೆ ಮಕ್ಕಳು ಕಿಕ್ಕಿರಿದು ಹೋಗಿದ್ದರು. ಅದಕ್ಕಾಗಿ ಕೌಂಟಿಯವರು ಸಭೆ ಸೇರಿ ನಮ್ಮ ಬೀದಿಯನ್ನು ಇಟ್ಟಿಗೆ ಸ್ಕೂಲಿಗೆ ಸೇರಿಸಿದ್ದರು. ಅಷ್ಟು ಮಕ್ಕಳು ಎಲ್ಲಿಂದ ಬಂದರು ಎಂದು ಕೇಳಿದೆ. ಅವರು ನನ್ನನ್ನೇ ನೋಡುತ್ತ, ಒಳ್ಳೆಯ ಸ್ಕೂಲೆಂದು ಹೊರಗಿನವರೆಲ್ಲ ಬಂದು ಮನೆ ಕೊಳ್ಳುತ್ತಿದ್ದಾರೆ ಎಂದು ಹೇಳಿ, ಯಂತ್ರ ಶುರುಮಾಡಿದರು.

ಈ ಸುದ್ದಿಯನ್ನು ವಿಮಲಳಿಗೆ ಹೇಳಲು ನನಗೆ ಸಂಜೆಯವರೆಗೂ ಧೈರ್ಯ ಬರಲಿಲ್ಲ. ಹೇಳಿದಾಗ ಅವಳು ಬೈಯಲಿಲ್ಲ. ಅದೇ ಕಷ್ಟವಾಯಿತು. ಮಲಗಿದ್ದ ಮಾಲುವಿನ ಕಡೆ ನೋಡಿ, "ಮತ್ತೆ ಹಾಗೇ ವರ್ಷವೆಲ್ಲ ಸುಮ್ಮನೆ ಕೂತ್ಬಿಟ್ರೆ?" ಎಂದಳು ಅಷ್ಟೆ.

ಮೊದಲ ದಿನ ಇಬ್ಬರೂ ಅವಳನ್ನು ಕರೆದುಕೊಂಡು ಹೋದೆವು. ಇಟ್ಟಿಗೆ ಸ್ಕೂಲಿನಲ್ಲಿ ಕಾರ್ಪೆಟ್ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ. ಗೋಡೆಗಳು ಮಾತ್ರ ಧಾರಾಳವಾಗಿದ್ದವು. ಟೀಚರ್ ಎತ್ತರದ ಕರಿಯ ಹೆಂಗಸು, ತಲೆ ಆಗಲೇ ನರೆತಿತ್ತು. ವಿಮಲ ಕಿಂಡರ್‌ಗಾರ್ಟನ್ನಿನ ಕಥೆಯೆಲ್ಲ ಹೇಳಿದಳು. ಆಕೆ ಕೇಳಿಸಿಕೊಂಡು, ಮಾಲುವಿನ ಕಡೆ ತಿರುಗಿ, ನಿನ್ನ ಪೂರ್ತಿ ಹೆಸರೇನು ಎಂದು ಕೇಳಿದಳು. ಮಾಲು ನೆಲ ನೋಡಿದಳು. ನಾನು ಬಾಯಿ ತೆರೆದೆ, ಆಕೆ ಕೈಯೆತ್ತಿ ನನ್ನನ್ನು ತಡೆದಳು. ಆಮೇಲೆ ತಾನೇ ಕಾಗದ ನೋಡಿ "ಮಾಲಿನಿ" ಎಂಬುದನ್ನು ಅಷ್ಟಾವಕ್ರವಾಗಿ ಓದಿದಳು. ಮಾಲು ತಲೆ ಅಲ್ಲಾಡಿಸಿದಳು. ಆಕೆ ಮತ್ತೆ ಓದಿದಳು, ಇನ್ನೂ ಕೆಟ್ಟದಾಗಿ. ಮಾಲುವಿಗೆ ತಡೆಯಲಾಗಲಿಲ್ಲ. "ನೋ! ಮಾ-ಲಿ-ನಿ!" ಎಂದು ಕೋಣೆಗೆಲ್ಲ ಕೇಳಿಸುವಂತೆ ಕೂಗಿದಳು. ಹಾಗಾದರೆ ನನಗೆ ಕಲಿಸಿಕೊಡು, ನನಗೆ ಬರುವುದಿಲ್ಲ ಎಂದು ಆಕೆ ಪಕ್ಕದಲ್ಲೇ ಕುಳಿತಳು. ವಿಮಲ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ದೀಪಾವಳಿಯ ಹೊತ್ತಿಗೆ ಮಾಲು ಮನೆಯಲ್ಲೂ ಸ್ಕೂಲು ನಡೆಸುತ್ತಿದ್ದಳು. "ಅಪ್ಪಾ, ಸಿಟ್. ಫಸ್ಟ್ ಕೈ ಎತ್ತು, ದೆನ್ ಮಾತಾಡು" ಎನ್ನುತ್ತಿದ್ದಳು. ಅವಳ ವಾಕ್ಯಗಳಲ್ಲಿ ಕನ್ನಡ ಮೊದಲ ಬಾರಿ ಕಾಣಿಸಿಕೊಂಡದ್ದು ನನ್ನನ್ನು ಗದರಿಸುವುದಕ್ಕಾಗಿ.

ಈಗ ನನ್ನ ಕುತೂಹಲ ಬೇರೆ ಕಡೆ ತಿರುಗಿತು. ಇಷ್ಟು ಒಳ್ಳೆಯ ಸ್ಕೂಲಿಗೆ ಆ ಕೆಟ್ಟ ಹೆಸರು ಬಂದದ್ದು ಎಲ್ಲಿಂದ? ರಂಗಸ್ವಾಮಿಯವರನ್ನು ಹಿಡಿದೆ. "ನಂಗೇನ್ರೀ ಗೊತ್ತು? ನಾನು ಒಳಗೆ ಹೋಗಿಲ್ಲ. ಮೂರ್ತಿ ಹೇಳಿದ್ರು" ಎಂದರು. ಮೂರ್ತಿಯವರಿಗೆ ಫೋನ್ ಮಾಡಿದೆ.

"ವರ್ಜೀನಿಯಾದಲ್ಲಿರೋ ನಂಗೆ ನಿಮ್ಮ ಕಡೆ ಸ್ಕೂಲು ಹೇಗ್ರೀ ಗೊತ್ತಾಗ್ಬೇಕು? ನೀವೇ ಅಲ್ವಾ ಹೇಳಿದ್ದು!"

"ನಾನಾ?"

"ಹೋದ ವರ್ಷ ನಮ್ಮ ಕೂಟದ ಪಿಕ್ನಿಕ್ಕಲ್ಲಿ. ದಾರಿ ತಪ್ಪಿ ಲೇಟಾಗಿ ಬಂದಿರಿ. ಯಾವುದೋ ಇಟ್ಟಿಗೆ ಸ್ಕೂಲಿನ ಹತ್ರ ಸುತ್ತಿ ಸುತ್ತಿ ಸಾಕಾಯ್ತು, ಹಳೇ ಜೈಲಿದ್ದ ಹಾಗಿದೆ, ಅಲ್ಲಿ ಮಕ್ಕಳು ಏನು ಕಲೀತಾವೋ ಅಂದ್ರಿ. ನೀವು ಸೈಂಟಿಸ್ಟು, ನೋಡ್ದೆ ಹೇಳಲ್ಲ ಅಂತ ನಾನು ನಂಬಿದೆ."

ನನಗೆ ನೆನಪಾಯಿತು. ಹಸಿವಿತ್ತು, ಪುಳಿಯೋಗರೆ ಮುಗಿದುಹೋಗಿರಬಹುದೆಂಬ ಭಯವಿತ್ತು, ಸಿಟ್ಟು ಕಣ್ಣಿಗೆ ಬಿದ್ದ ಕಟ್ಟಡದ ಮೇಲೆ ಹೋಗಿತ್ತು. ಆ ಮಾತು ಮೂರ್ತಿಯವರಿಂದ ರಂಗಸ್ವಾಮಿಯವರಿಗೆ ಹೋಗಿ, ತೂಕ ಹೆಚ್ಚಿಸಿಕೊಂಡು ನನ್ನ ಬಳಿಗೇ ಬಂದಾಗ, ತಿಳಿದವರ ಅಭಿಪ್ರಾಯವೆಂದು ನಾನು ತಲೆದೂಗಿದ್ದೆ.

ಇನ್ನು ಮೇಲೆ ಸ್ಕೂಲುಗಳ ಬಗ್ಗೆ ಬಾಯಿ ಬಿಡಬಾರದೆಂದು ನಿರ್ಧರಿಸಿದೆ. ಮುಂದಿನ ವಸಂತದಲ್ಲಿ ಉತ್ತರ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಿಂದ ನಮ್ಮ ಕಡೆಗೆ ವರ್ಗವಾಗಿ ಬರುತ್ತಿದ್ದ ಒಬ್ಬ ಯುವ ವಿಜ್ಞಾನಿ ಹೆಂಡತಿಯೊಡನೆ ಮನೆಗೆ ಬಂದ. "ಸರ್, ಯಾವ ಸ್ಕೂಲು ಒಳ್ಳೇದು? ನೀವು ಹೇಳಿದ ಕಡೆ ಮನೆ ತಗೋತೀವಿ" ಎಂದ. "ನಾನೇನೂ ಹೇಳಲ್ಲಪ್ಪ. ನೀವೇ ಒಳಗೆ ಹೋಗಿ ನೋಡಿ" ಎಂದೆ. ಅವನು ಎಷ್ಟು ಸಲ ಕೇಳಿದರೂ ನಾನು ಕಾಫಿ ಕುಡಿಯುತ್ತ ನಕ್ಕೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಆ ವಾರವೇ ರಂಗಸ್ವಾಮಿಯವರ ಫೋನ್ ಬಂತು. "ಏನ್ರೀ ಇದು, ಭಾರೀ ಸ್ಕೂಲು ಒಂದನ್ನ ಕಂಡುಹಿಡಿದು ಯಾರಿಗೂ ಹೇಳದೆ ಇಟ್ಕೊಂಡಿದೀರಂತೆ? ನಮಗೂ ಹೇಳಲ್ವಾ?"

"ಛೆ ಛೆ, ಹಾಗೇನಿಲ್ಲ ಡಾಕ್ಟ್ರೇ" ಎಂದೆ. ಅದು ನಿಜ ಕೂಡ. ಆದರೆ ಹಾಗೆನ್ನುವಾಗ ನನ್ನ ದನಿ ತಾನಾಗಿ ತಗ್ಗಿತು. ಅಷ್ಟೇ ಸಾಕಾಯಿತು. ಭಾನುವಾರ ಬೆಳಿಗ್ಗೆ ಅವರ ಕಾರು ನಮ್ಮ ಬೀದಿಯಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ಸಾಗುತ್ತಿತ್ತು. ಹಿಂದೆ ಇನ್ನೊಂದು ಕಾರು, ಅದು ಮೂರ್ತಿಯವರದು. ಹೊರಗೆ ಹೋಗಿ ಕೈಬೀಸಿ, ನಿಜ ಹೇಳಿ ಕಳಿಸಬೇಕಿತ್ತು. ನಾನು ಪರದೆಯ ಹಿಂದೆಯೇ ನಿಂತೆ, ಮಾರಾಟಕ್ಕಿದ್ದ ಮನೆಗಳಲ್ಲಿ ಯಾವುದರ ಮುಂದೆ ನಿಲ್ಲಿಸುತ್ತಾರೋ ನೋಡೋಣವೆಂದು.