ಮೂರು ಭಾನುವಾರ, ಮೂವರು ಗೈಡು, ಒಂದು ಮೀನು

ಮಡಕಶಿರದಲ್ಲಿ ನನ್ನದು ಸುಟ್ಟ ಮೋಟರಿಗೆ ತಂತಿ ಸುತ್ತಿ ಕೊಡುವ ಅಂಗಡಿ. ವಾರದ ಆರು ದಿನ ನನ್ನನ್ನು ನೋಡಿ ಯಾರೂ ನಗುವುದಿಲ್ಲ. ಮೋಟರು ಸುಟ್ಟವರಿಗೆ ನಗು ಎಲ್ಲಿಂದ ಬರಬೇಕು? ಆ ಕೊರತೆಯೆಲ್ಲ ಭಾನುವಾರ ತೀರುತ್ತದೆ. ಗಾಳ ಹಿಡಿದು ಕೆರೆಯ ಕಡೆ ಹೊರಟೆನೆಂದರೆ ಏನಾದರೂ ಒಂದು ಆಗಿಯೇ ಆಗುತ್ತದೆ, ಮೀನು ಸಿಗುವುದೊಂದನ್ನು ಬಿಟ್ಟು.

ಎರಡು ವರ್ಷ ಹೀಗೇ ನಡೆದ ಮೇಲೆ ಹೆಂಡತಿ ತೀರ್ಪು ಕೊಟ್ಟಳು. "ಇನ್ನು ಮೂರು ಭಾನುವಾರ. ಅಷ್ಟರೊಳಗೆ ಒಂದು ಮೀನು ಹಿಡೀಲಿಲ್ಲ ಅಂದ್ರೆ ಈ ಗಾಳದ ಕೋಲು ನಂದು. ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಕಟ್ತೀನಿ."

ಬೆಂಗಳೂರಿನಿಂದ ಆಸೆಪಟ್ಟು ತಂದ ಕೋಲು. ಅದರ ಮೇಲೆ ನನ್ನದೇ ಬನಿಯನ್ ನೇತಾಡುವುದನ್ನು ನೆನೆದೇ ಸಂಕಟವಾಯಿತು. ಇನ್ನು ಒಬ್ಬನೇ ಹೋಗಿ ಪ್ರಯೋಜನವಿಲ್ಲ, ಕೆರೆ ಬಲ್ಲವರನ್ನು ಗೈಡಾಗಿ ಕರೆದುಕೊಳ್ಳಬೇಕೆಂದು ತೀರ್ಮಾನಿಸಿದೆ.

ಕೆರೆ ಬಲ್ಲ ತಾತ

ಮೊದಲ ಭಾನುವಾರ ಅಮರಾಪುರದ ಕಡೆಗೆ ಹೋದೆ. ಟೀ ಅಂಗಡಿಯವನು ಒಬ್ಬ ತಾತನನ್ನು ತೋರಿಸಿ, "ಕೆರೆಯೊಳಗಿನ ಒಂದೊಂದು ಮೀನೂ ಇವರಿಗೆ ಗೊತ್ತು" ಎಂದ. ತಾತ ನನ್ನನ್ನು ಒಂದು ಬಂಡೆಯ ಮೇಲೆ ಕೂರಿಸಿ, "ಇಲ್ಲೇ ಹಾಕಪ್ಪ. ಮೊಣಕೈಯುದ್ದದವು ಸಿಕ್ತವೆ" ಎಂದರು.

ಮೂರು ಗಂಟೆ ಕೂತೆ. ಗಾಳದ ಬೆಂಡು ಅಲುಗಲಿಲ್ಲ.

"ತಾತ, ಇಲ್ಲಿ ಮೀನು ಇರೋದು ನಿಜಾನಾ?"

"ಈ ಕಣ್ಣಾರೆ ನೋಡಿವ್ನಿ ಕಣಪ್ಪ."

"ಯಾವಾಗ?"

"ನನ್ನ ಮದುವೆ ವರ್ಷ."

ಇಷ್ಟು ಹೇಳಿ ಎದ್ದು ಪಂಚೆ ಕೊಡವಿಕೊಂಡರು. ಮೊಮ್ಮಗಳ ಮದುವೆಯ ಲಗ್ನಪತ್ರಿಕೆ ಹಂಚಲು ಹೊತ್ತಾಯಿತಂತೆ. ನನಗೂ ಒಂದು ಕೊಟ್ಟರು.

ಮಾತಾಡಬಾರದ ಕೆರೆ

ಎರಡನೆಯ ವಾರ ಗಡಿಯೂರು ರಾಯದುರ್ಗದಲ್ಲಿರುವ ನನ್ನ ಭಾವನ ಮನೆಗೆ ಹೋದೆ. ಭಾವ ಗೊತ್ತುಮಾಡಿದ ಗೈಡು ಬಲು ಶಿಸ್ತಿನ ಮನುಷ್ಯ. ಕೆರೆ ಏರಿ ಹತ್ತುವಾಗಲೇ ಬಾಯಿಯ ಮೇಲೆ ಬೆರಳಿಟ್ಟರು. "ಒಂದ್ ಮಾತೂ ಆಡಬ್ಯಾಡ್ರಿ. ಹೊಸಾ ದನಿ ಕೇಳಿದ್ರ ಮೀನು ಓಡಿಹೋಗ್ತಾವ."

ನಾನು ಕೆಮ್ಮು ಬಂದರೂ ನುಂಗಿಕೊಂಡು ಕೂತೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಶೇಂಗಾ ಬೀಜದ ವಿಚಾರ. ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ ತೆಲುಗಿನಲ್ಲಿ ಅರ್ಧ ಗಂಟೆ ಮಾತಾಡಿದರು. ಅದು ಮುಗಿಯಿತು ಎನ್ನುವಾಗ ಇನ್ನೊಂದು ಬಂತು. ಸಂಜೆಯ ಹೊತ್ತಿಗೆ ನನ್ನ ತಾಳ್ಮೆ ಕೆಟ್ಟಿತು.

"ನಾನು ಮಾತಾಡಬಾರದು, ನೀವು ಮಾತ್ರ ಆಡಬಹುದಾ?"

"ನನ್ ದನಿ ಅವಕ್ಕ ರೂಢಿ ಐತ್ರಿ."

"ತೆಲುಗೂ ರೂಢಿನಾ?"

"ರಾಯದುರ್ಗದ ಮೀನಲ್ಲೇನ್ರಿ. ಎರಡೂ ತಿಳೀತಾವ."

ಗಂಗಮ್ಮನ ಪಾಲು

ಉಳಿದದ್ದು ಒಂದೇ ಭಾನುವಾರ. ಆ ಶನಿವಾರ ಅಂಗಡಿಗೆ ಮೋಟರು ತಂದ ಕುರಿ ಸಾಕುವ ಅಕ್ಕನೊಬ್ಬರ ಮುಂದೆ ನನ್ನ ಗೋಳು ಹೇಳಿಕೊಂಡೆ. ಆಕೆ ಮರುಕಪಟ್ಟು, "ನಮ್ಮೂರ ಕೆರೆಗೆ ಬಾರಣ್ಣ. ನಾಳೆ ಉಣ್ಣೆ ಕತ್ತರಿಸೋಕೆ ಮುಂಚೆ ಕುರಿ ಮೈ ತೊಳೀತೀವಿ. ಕುರಿ ಇಳಿದ್ರೆ ಕೆಸರು ಏಳ್ತದೆ, ಹುಳ ಏಳ್ತವೆ. ಹುಳಕ್ಕೆ ಸಣ್ಣ ಮೀನು ಬರ್ತವೆ, ಸಣ್ಣದಕ್ಕೆ ದೊಡ್ಡ ಕೊರಮೀನು. ನೀನೂ ಒಂದು ಕೈ ಹಾಕಿದ್ರೆ ಬೇಗ ಆಗ್ತದೆ" ಎಂದರು.

ಆ ಒಂದು ಕೈ ಅರವತ್ತು ಕುರಿಗಳವರೆಗೂ ಹೋಯಿತು. ಸೊಂಟದವರೆಗೆ ನೀರಿನಲ್ಲಿ ನಿಂತು ಉಜ್ಜಿದೆ. ಒಂದು ಟಗರು ಎರಡು ಸಲ ನನ್ನನ್ನೇ ಮುಳುಗಿಸಿ ತೊಳೆಯಿತು.

ಕೊನೆಯ ಕುರಿ ದಡ ಹತ್ತಿದ ಮೇಲೆ ಅದೇ ಕೆಸರಿಗೆ ಗಾಳ ಎಸೆದೆ. ಹತ್ತು ನಿಮಿಷವೂ ಆಗಿರಲಿಲ್ಲ, ಕೋಲು ಬಿಲ್ಲಿನ ಹಾಗೆ ಬಗ್ಗಿತು. ಎಳೆದರೆ ಮೊಣಕೈಯುದ್ದದ ಕೊರಮೀನು! ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅಕ್ಕ ಎರಡೂ ಕೈ ಮುಗಿದರು. "ನಮ್ಮ ಕೆರೇಲಿ ಮೊದಲ್ನೇ ಮೀನು ಗಂಗಮ್ಮಂದು ಕಣಣ್ಣ. ಬಿಟ್ಬಿಡು."

"ಅಕ್ಕ, ಎರಡು ವರ್ಷಕ್ಕೆ ನನಗೆ ಇದೇ ಮೊದಲ್ನೇದು."

"ಅದಕ್ಕೇ ಹೇಳ್ತಿರೋದು."

ಫೋಟೋ ಆದರೂ ತೆಗೆಯೋಣವೆಂದರೆ ಫೋನು ಪ್ಯಾಂಟಿನ ಜೇಬಿನಲ್ಲಿತ್ತು. ಅದೂ ನನ್ನ ಜೊತೆ ಅರವತ್ತು ಕುರಿ ತೊಳೆದಿತ್ತು. ಊರಿನ ಪದ್ಧತಿ ಮೀರುವ ಧೈರ್ಯ ನನಗಿಲ್ಲ, ಬಿಟ್ಟೆ. ಆಮೇಲೆ ಹೊತ್ತು ಮುಳುಗುವವರೆಗೂ ಕೂತರೂ ಗಂಗಮ್ಮ ನನ್ನ ಪಾಲನ್ನು ಕಳಿಸಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹಗ್ಗ ಹಿಡಿದು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಕೋಲನ್ನು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಅವಳು ಹತ್ತಿರ ಬಂದು ನನ್ನ ಅಂಗಿ ಮೂಸಿ, ಮೂಗು ಮುಚ್ಚಿಕೊಂಡಳು.

"ಮೀನು ತಂದಿದ್ರೆ ಸಂತೆಯಲ್ಲಿ ಕೊಂಡದ್ದು ಅಂತಿದ್ದೆ. ಈ ವಾಸನೆ ಯಾವ ಸಂತೆಯಲ್ಲೂ ಸಿಗಲ್ಲ. ನಂಬಿದೆ."

ನನಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಕೋಲು ನನಗೇ ಉಳೀತಾ?"

"ಮೊದಲ್ನೇದು ಗಂಗಮ್ಮಂಗೆ ಸಂದಾಯಿತಲ್ಲ, ಎರಡನೇದು ಮನೆಗೆ ಬರಲೇಬೇಕು. ಮುಂದಿನ ಭಾನುವಾರ ನಾನೂ ಬರ್ತೀನಿ" ಎಂದು ಕೋಲನ್ನು ಕೈಗೆ ತೆಗೆದುಕೊಂಡು, ಬಗ್ಗಿಸಿ ನೋಡಿದಳು. "ಗಾಳ ನಾನು ಹಾಕ್ತೀನಿ. ನೀವು ಕುರಿ ತೊಳೀರಿ."